‘ಇತರೆ’ ಕಾಲಮ್ಮಿನ ರಾಯರು

ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಂಬ ಮೂರು ಸಾಲು ಮುಗಿದ ಮೇಲೆ ‘ಇತರೆ, ಇದ್ದಲ್ಲಿ’ ಅಂತ ಒಂದು ಸಾಲು ಇರುತ್ತದಲ್ಲ, ನಾವು ನೀವು ಅಲ್ಲೊಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತೇವೆ. ರಾಯರಿಗೆ ಅರ್ಜಿ ಶುರುವಾಗುವುದೇ ಅಲ್ಲಿಂದ.

ಇಂಥ ರಾಯರು ಪ್ರತಿ ಬಡಾವಣೆಯಲ್ಲೂ ಒಬ್ಬರಿದ್ದಾರೆ. ನಿವೃತ್ತಿಯಾಗಿ ಒಂದೆರಡು ವರ್ಷವಾಗಿರುತ್ತದೆ. ಬಗಲಲ್ಲಿ ಗುಂಡಿ ಒತ್ತುವ ಪ್ಲಾಸ್ಟಿಕ್ ಫೈಲು. ಕಾಲೇಜಿಗೆ ಹೋಗಿ ಓದಿದ್ದು ಬಿ.ಕಾಂ. ಒಂದೇ, ಆ ಸುದ್ದಿ ಅವರ ಬಾಯಲ್ಲಿ ಕೇಳಿದವರಿಲ್ಲ. ಮಾತೇನಿದ್ದರೂ ‘ಪ್ರೈವೇಟಾಗಿ ಕಟ್ಟಿದ’ ಪರೀಕ್ಷೆಗಳದ್ದು.

ಫೈಲಿನಲ್ಲಿ ಮೊದಲು ಸಿಗುವುದು ಹಿಂದಿ ಪ್ರಚಾರ ಸಭಾದ ಹಾಳೆಗಳು: ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಹೀಗೆ ಮೇಲೇರುತ್ತ ವಿಶಾರದದವರೆಗೆ. ಸಭಾ 1918ರಲ್ಲಿ ಗಾಂಧೀಜಿಯವರಿಂದ ಆರಂಭವಾದದ್ದು ಎಂದು ರಾಯರು ಹೇಳದೆ ಬಿಡುವುದಿಲ್ಲ. ಪ್ರಮಾಣಪತ್ರವನ್ನು ಬಾಪೂ ಖುದ್ದಾಗಿ ಕೊಟ್ಟರೇನೋ ಎನ್ನುವ ಹಾಗೆ ಹೇಳುತ್ತಾರೆ. ಆಮೇಲೆ ಟೈಪಿಂಗ್. ಜೂನಿಯರ್‌ಗೆ ನಿಮಿಷಕ್ಕೆ 30 ಪದ, ಸೀನಿಯರ್‌ಗೆ 45. ಎರಡೂ ಪಾಸು. ಟೈಪ್‌ರೈಟರ್ ಮಾತ್ರ ಈಗ ನೋಡಬೇಕೆಂದರೂ ಸಿಗದು. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನಗಳಲ್ಲಿ ಮೂರು ಮುಗಿದಿವೆ. ರತ್ನ ಯಾಕೆ ಬಾಕಿ ಉಳಿಯಿತೆಂದು ಕೇಳಬೇಡಿ, ಆ ವರ್ಷ ಮಗಳ ಮದುವೆ, ಅದಕ್ಕೆ ಬೀಗರು ಕಾರಣ, ಕಥೆ ಉದ್ದ.

ಹೊಸ ಸೇರ್ಪಡೆ ಐಐಟಿಗಳ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ಪೈಥಾನ್ ಕೋರ್ಸು. ಪಾಠ ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಸಾವಿರ ರೂಪಾಯಿ ಕಟ್ಟಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪರೀಕ್ಷೆ ಇದ್ದದ್ದು ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ರಾಯರು ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟರು. ಹುಡುಗರೆಲ್ಲ ದಡಬಡನೆ ಎದ್ದು ನಿಂತು ‘ಗುಡ್ ಮಾರ್ನಿಂಗ್ ಸರ್’ ಅಂದರು. ರಾಯರು ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅಂತ ಕೈಸನ್ನೆ ಮಾಡಿ ಮೂರನೇ ಸಾಲಿನಲ್ಲಿ ತಾವೂ ಕೂತರು. 61 ಬಂತು. ಅದಕ್ಕೆ ‘ಎಲೈಟ್’ ಎಂದು ಮುದ್ರೆ ಬೀಳುತ್ತದೆ. ಆ ಹಾಳೆಗೆ ಲ್ಯಾಮಿನೇಷನ್ ಆಗಿದೆ.

ಈಗ ದೂರಶಿಕ್ಷಣದಲ್ಲಿ ಎಂ.ಎ. ಕನ್ನಡ ಓದಬೇಕೆಂಬ ಆಸೆ. ಅರ್ಜಿ ಆನ್‌ಲೈನ್, ಆದ್ದರಿಂದ ನಮ್ಮ ಬೀದಿಯ ಸೈಬರ್ ಸೆಂಟರು.

“ಸಾರ್, ಡಿಗ್ರಿ ಮಾರ್ಕ್ಸ್ ಕಾರ್ಡ್ ಕೊಡಿ.”

“ಅದಿರ‍್ಲಿ ಕಣಮ್ಮ, ಮೊದ್ಲು ಇದನ್ನ ಹಾಕು” ಎಂದು ವಿಶಾರದ ಕೊಟ್ಟರು.

ಬೋರ್ಡಿನ ಹೆಸರು ಆರಿಸುವ ಪಟ್ಟಿಯಲ್ಲಿ ಸಭಾ ಇಲ್ಲ. ಪರಿಷತ್ತೂ ಇಲ್ಲ. ‘ಅದರ್ಸ್’ ಒತ್ತಿದರೆ ಶೇಕಡಾವಾರು ಅಂಕ ಕೇಳಿತು. ಹಾಳೆಯಲ್ಲಿರುವುದು ‘ದ್ವಿತೀಯ ಶ್ರೇಣಿ’ ಎಂದಷ್ಟೇ. ಓದಿದ ಸಂಸ್ಥೆಯ ಹೆಸರು ಕಡ್ಡಾಯ, ಕೆಂಪು ನಕ್ಷತ್ರ ಇದೆ.

“ಎಲ್ಲಿ ಓದಿದ್ದು ಸಾರ್?”

“ಮನೇಲಿ.”

ಹುಡುಗಿ ತಲೆ ಎತ್ತಿ ನೋಡಿದಳು. ರಾಯರು ನಿಧಾನವಾಗಿ ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಹೇಳಿದರು. ಅವಳು ಹಾಗೇ ಟೈಪಿಸಿದಳು. ಪುಟ ಒಪ್ಪಿಕೊಂಡಿತು! ವಿಶ್ವವಿದ್ಯಾಲಯದ ದಾಖಲೆಯಲ್ಲಿ ರಾಯರ ಮನೆ ಈಗ ಒಂದು ವಿದ್ಯಾಸಂಸ್ಥೆ. ಸಂಜೆ ಮನೆಗೆ ಹೋಗಿ ಹೇಳಿದರೆ ಹೆಂಡತಿ, “ಹಾಗಾದ್ರೆ ಕಸ ಗುಡಿಸೋಕೆ ಒಬ್ಬ ಅಟೆಂಡರ್‌ನ ಕೊಡ್ತಾರಾ ಕೇಳಿ” ಅಂದರಂತೆ.

ಎನ್‌ಪಿಟಿಇಎಲ್‌ನ ವಿಷಯದಲ್ಲಿ ರಾಯರದು ಬೇರೆಯೇ ಹಠ. ಈ ಪಾಠಗಳೂ ಸೇರಿರುವ ‘ಸ್ವಯಂ’ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ. 40ರವರೆಗೆ ಕ್ರೆಡಿಟ್ ಪಡೆಯಬಹುದೆಂದು ಯುಜಿಸಿ 2021ರಲ್ಲಿ ನಿಯಮ ಮಾಡಿದೆ. ಅದರ ಪ್ರತಿ ಫೈಲಿನಲ್ಲಿದೆ, ಆ ಸಾಲಿಗೆ ಹಳದಿ ಬಳಿದಿದೆ. ಆ ಕೋರ್ಸನ್ನು ವಿಶ್ವವಿದ್ಯಾಲಯ ಒಪ್ಪಬೇಕು, ನೀವು ಅಲ್ಲಿ ಆಗಲೇ ವಿದ್ಯಾರ್ಥಿಯಾಗಿರಬೇಕು ಎನ್ನುವ ಕಡೆ ಹಳದಿ ಹೋಗಿಲ್ಲ. ಪೈಥಾನ್ ಪಾಸು ಮಾಡಿದ್ದು ಪಂಪನನ್ನು ಓದಲು ಹೇಗೆ ಕ್ರೆಡಿಟ್ ಆಗುತ್ತದೆಂದು ಕೇಳಿದರೆ, “ಓದು ಓದೇ ಅಲ್ವೇನ್ರೀ” ಅನ್ನುತ್ತಾರೆ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಬಿ.ಕಾಂ.ನಲ್ಲಿ ಓದಿದ ಕಾಸ್ಟಿಂಗ್ ಬಗ್ಗೆ ಕೇಳಿನೋಡಿ, ಕನ್ನಡಕ ಒರೆಸುತ್ತಾರೆ. ಪ್ರೇಮಚಂದರ ಕಥೆ ಕೇಳಿ, ಅರ್ಧ ಗಂಟೆ ಬಿಡುವುದಿಲ್ಲ. ಯಾರೂ ಹಾಜರಿ ಕರೆಯದೆ, ಯಾರೂ ನೋಟ್ಸ್ ಕೊಡದೆ, ಆಫೀಸಿನಿಂದ ಬಂದು ಕೈಕಾಲು ತೊಳೆದು ಓದಿದ್ದು ತಲೆಯಲ್ಲಿ ನಿಂತಿದೆ. ಆ ಓದಿಗೆ ಅರ್ಜಿಯಲ್ಲಿ ಸಿಕ್ಕುವ ಜಾಗ ಒಂದೂವರೆ ಅಂಗುಲ ಮಾತ್ರ. ಅವರ ಹಠ ತಪ್ಪೆಂದು ನನಗನಿಸುವುದಿಲ್ಲ. ಹಿಂದೆ ಸರತಿಯಲ್ಲಿ ನಿಂತ ನಾಲ್ವರು ಮಾತ್ರ ಬೇರೆ ಥರ ಹೇಳುತ್ತಾರೆ.

ಅಂತೂ ‘ಇತರೆ’ ಮುಗಿಯಿತು. ಏಳು ಪಿಡಿಎಫ್ ಏರಿದವು. ಹುಡುಗಿ ಮತ್ತೆ ಕೇಳಿದಳು: “ಡಿಗ್ರಿ ಕಾನ್ವೊಕೇಷನ್ ಸಾರ್?”

ರಾಯರು ಫೈಲು ತಿರುವಿದರು. ಇನ್ನೊಮ್ಮೆ ತಿರುವಿದರು. ಹಿಂದಿ ಇತ್ತು, ಟೈಪಿಂಗ್ ಇತ್ತು, ಎಂದೋ ಮಾಡಿಸಿದ ರಕ್ತದಾನದ ಕಾರ್ಡೂ ಇತ್ತು. ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಅವರು ದುಡ್ಡು ಕಟ್ಟಿಯೇ ಇರಲಿಲ್ಲ. ಪಾಸಾದ ಮೇಲೆ ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ, ಅವರಿಗಂತೂ ಮೊದಲೇ ಇಲ್ಲ.

ಅದಕ್ಕೀಗ ಅರ್ಜಿ ಹೋಗಿದೆ. ಬರುವಷ್ಟರಲ್ಲಿ ಜುಲೈ ಪ್ರವೇಶದ ಕೊನೇ ದಿನ ದಾಟಿರುತ್ತದೆ. ಜನವರಿಯಲ್ಲಿ ಪ್ರವೇಶ ಮತ್ತೆ ತೆರೆಯುತ್ತದೆ, ಅಷ್ಟರಲ್ಲಿ ರತ್ನವನ್ನೂ ಕಟ್ಟಿಬಿಡುತ್ತೇನೆ ಎಂದಿದ್ದಾರೆ ರಾಯರು. ಆ ದಿನಗಳಲ್ಲಿ ನಮ್ಮ ಬೀದಿಯ ಸೈಬರ್ ಸೆಂಟರಿನಲ್ಲಿ ಪಹಣಿಯೋ ಕರೆಂಟ್ ಬಿಲ್ಲೋ ನಿಮ್ಮ ಕೆಲಸವಿದ್ದರೆ ದಯವಿಟ್ಟು ಹತ್ತು ಗಂಟೆಯೊಳಗೆ ಮುಗಿಸಿಕೊಂಡು ಹೋಗಿ. ಹತ್ತೂವರೆಗೆ ರಾಯರು ಬರುತ್ತಾರೆ.