ಹೈದರಾಲಿಗೆ ಕಮಿಟಿ ಇರಲಿಲ್ಲ

ಬೆಂಗಳೂರಿನ ಲಾಲ್‌ಬಾಗು 1760ರಲ್ಲಿ ಶುರುವಾಯಿತು ಎಂದು ಓದಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಹೈದರಾಲಿ ಜಾಗ ನೋಡಿದ, ಇಲ್ಲೇ ಆಗಲಿ ಅಂದ, ಆಯಿತು. ಹಾಗಾದರೆ ಪಾರ್ಕಿಂಗ್ ಎಲ್ಲಿ ಎಂದು ಅವನನ್ನು ಯಾರೂ ಕೇಳಲಿಲ್ಲ. ಉದುರಿದ ಎಲೆ ಗುಡಿಸುವವರು ಯಾರು ಎಂದು ಮೇಲ್ಮನೆಯ ಕಾಕೂ ಕಿಟಕಿಯಿಂದ ಕೂಗಲಿಲ್ಲ. ಇಟಲಿಯ ಪಡುವಾದಲ್ಲಿ 1545ರಲ್ಲಿ ಮಾಡಿದ ಸಸ್ಯೋದ್ಯಾನ ಇವತ್ತಿಗೂ ಅದೇ ಜಾಗದಲ್ಲಿದೆ. ನಾಗಪುರದ ನಮ್ಮ ಲೇಔಟಿನ ಸಸ್ಯೋದ್ಯಾನವೋ, ಒಂದು ಗಿಡ ನೆಡುವ ಮೊದಲೇ ಜಾಗ ಬದಲಿಸುತ್ತ ಇಡೀ ಲೇಔಟನ್ನು ಪ್ರದಕ್ಷಿಣೆ ಹಾಕಿತು.

ಜಾಗ ಹುಡುಕುವ ಹೊಣೆ ನನ್ನ ತಲೆಗೆ ಬಂದದ್ದು ಹುಟ್ಟೂರಿನ ದೆಸೆಯಿಂದ. ಸೊಸೈಟಿಯ ಸಭೆಯಲ್ಲಿ ಸೆಕ್ರೆಟರಿಯವರು, "ಇವರು ಶಿರಸಿಯವರು, ಕಾಡಿನಲ್ಲೇ ಬೆಳೆದವರು" ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಬಾಲ್ಕನಿಯ ತುಳಸಿ ಬದುಕಿರುವುದೇ ಅದಕ್ಕೆ ನನ್ನ ಕೈ ತಾಗದಂತೆ ಹೆಂಡತಿ ಕಾಯುತ್ತಿರುವುದರಿಂದ ಎಂಬುದು ಸಭೆಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಳು ಹಿಂದಿನ ಸಾಲಿನಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಅಂದು ರಾತ್ರಿಯೇ ಊಟದ ಹೊತ್ತಿಗೆ ಉಪನ್ಯಾಸ ಶುರುಮಾಡಿದೆ. ಪಾರ್ಕು ಬೇರೆ, ಸಸ್ಯೋದ್ಯಾನ ಬೇರೆ. ಪಾರ್ಕಿನಲ್ಲಿ ಗಿಡ ಚೆಂದ ಕಂಡರೆ ಸಾಕು. ಸಸ್ಯೋದ್ಯಾನದಲ್ಲಿ ಪ್ರತಿ ಗಿಡಕ್ಕೂ ಹೆಸರಿನ ಫಲಕ ಇರಬೇಕು, ಎಲ್ಲಿಂದ ಬಂತು, ಯಾವಾಗ ನೆಟ್ಟಿದ್ದು ಎಂಬ ದಾಖಲೆ ಇರಬೇಕು.

"ಹಂಗಾದ್ರ ನಮ್ಮ ಅಡಗಿಮನಿನೂ ಸಸ್ಯೋದ್ಯಾನನ ಆತ್ರಿ," ಅಂದಳು ಹೆಂಡತಿ, ರೊಟ್ಟಿ ಬಡಿಯುತ್ತ. "ಎಲ್ಲಾ ಡಬ್ಬಿಗೂ ಹೆಸರು ಬರದು ಅಂಟಿಸೇನಿ."

ಅವಳ ತವರು ಗದಗ. ಅಪ್ಪನ ಹೊಲ ಎರೆ ಹೊಲ. ನನ್ನದು ಕೆಂಪು ಜಂಬಿಟ್ಟಿಗೆ ನೆಲ, ಅಡಿಕೆ ತೋಟ, ಮಳೆ. ನಾಗಪುರವೋ ದಖ್ಖನ್ನಿನ ಕಪ್ಪು ಬಂಡೆ ಸವೆದು ಆದ ಎರೆ ಮಣ್ಣಿನ ಊರು. ಅಂದರೆ ಈ ವಿಷಯದಲ್ಲಿ ತಿಳಿದವಳು ಅವಳು, ಮಾತನಾಡುವವನು ನಾನು. ನಮ್ಮ ಸಂಸಾರ ಇದೇ ಏರ್ಪಾಡಿನ ಮೇಲೆ ನೆಮ್ಮದಿಯಾಗಿ ನಡೆದುಕೊಂಡು ಬಂದಿದೆ.

ಮಗಳ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಊಟದ ಮೇಜಿನ ಮೇಲೆ ನಕ್ಷೆ ಬರೆದೆ. ಔಷಧಿ ಗಿಡಗಳಿಗೆ ಒಂದು ಮೂಲೆ, ಹೂವಿಗೆ ಒಂದು ಪಟ್ಟಿ, ಉಳಿದದ್ದೆಲ್ಲ ಪಶ್ಚಿಮ ಘಟ್ಟ ವಿಭಾಗ: ಅಡಿಕೆ, ಮುರುಗಲು, ಸುರಗಿ, ಕಾಳುಮೆಣಸಿನ ಬಳ್ಳಿ. ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಶಿರಸಿ ಕಾಣಸ್ತೈತಿ. ನಾಗಪುರ ಎಲ್ಲೈತ್ರಿ ಇದರಾಗ?" ಅಂದಳು.

ಸ್ಫೂರ್ತಿ ಪಡೆಯಲೆಂದು ಊರಿನ ಹಳೆಯ ತೋಟಗಳನ್ನು ನೋಡಿಬರುವುದೆಂದಾಯಿತು. ಭೋಸಲೆ ರಾಜರ ಕಾಲದ ಮಹಾರಾಜ್‌ಬಾಗ್ ನಾಗ ನದಿಯ ಮಗ್ಗುಲಲ್ಲಿದೆ. ಸಾತ್ಪುಡಾ ಸಸ್ಯೋದ್ಯಾನ ಫುಟಾಳಾ ಕೆರೆಯ ಪಕ್ಕದಲ್ಲಿದೆ. ನಾನು ಕುತ್ತಿಗೆ ಎತ್ತಿ ಫಲಕಗಳನ್ನು ಓದುತ್ತ, ಲ್ಯಾಟಿನ್ ಹೆಸರುಗಳನ್ನು ಗಟ್ಟಿಯಾಗಿ ಉಚ್ಚರಿಸುತ್ತ ನಡೆದೆ. ಅವಳು ನೆಲ ನೋಡಿಕೊಂಡು ಬಂದಳು. ನಲ್ಲಿ ಎಲ್ಲಿದೆ, ಪೈಪು ಎಲ್ಲಿಯವರೆಗೆ ಹೋಗುತ್ತದೆ, ಬೇಸಿಗೆಯಲ್ಲಿ ನೀರು ಯಾವ ಹೊತ್ತಿಗೆ ಬಿಡುತ್ತೀರಿ ಎಂದು ಮಾಲಿಯ ಹತ್ತಿರ ಮುರುಕು ಮರಾಠಿಯಲ್ಲಿ ವಿಚಾರಿಸಿದಳು. ಹೊರಗೆ ಬಂದು, "ನೋಡಿದ್ರಿಲ್ಲೊ, ಒಂದು ನದಿ ದಂಡಿಗೆ, ಒಂದು ಕೆರಿ ದಂಡಿಗೆ. ರಾಜರಿಗೆ ಬುದ್ಧಿ ಇತ್ತು" ಅಂದಳು. ನಾನಾಗ ಬೇವಿನ ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡುತ್ತಿದ್ದೆ.

ನೀರಿನ ದಂಡೆ ಎಂಬ ಮಾತನ್ನು ನನ್ನದೇ ವಿಚಾರವೆಂಬಂತೆ ಕಮಿಟಿಯ ಮುಂದಿಟ್ಟೆ. ಲೇಔಟಿನ ತಗ್ಗಿನಲ್ಲಿ ಒಂದು ನಾಲೆ ಹರಿಯುತ್ತದೆ, ಅದರ ಪಕ್ಕದಲ್ಲಿ ಮಾಡೋಣ ಎಂದೆ. ಸಭೆ ಒಂದು ಕ್ಷಣ ಮೌನವಾಯಿತು. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಈ ಊರಿನಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಅಂಬಾಝರಿ ಕೆರೆ ಉಕ್ಕಿ, ನಾಗ ನದಿ ಮನೆಮನೆಗೆ ನುಗ್ಗಿತ್ತು. ನಮ್ಮ ನಾಲೆಯೂ ಆ ದಿನ ತನ್ನ ಕೈಲಾದಷ್ಟು ಮಾಡಿತ್ತು. ಮೇಲ್ಮನೆಯ ಕಾಕೂ, "ಗಿಡ ನೆಡಿ, ಬೇಡ ಅನ್ನುವುದಿಲ್ಲ. ಮೊದಲು ಅವಕ್ಕೆ ಈಜು ಕಲಿಸಿ" ಅಂದರು.

ಉಳಿದದ್ದು ಲೇಔಟಿನ ನಡುವಿನ ಬಯಲು. ದಾಖಲೆಯಲ್ಲಿ ಅದು ಓಪನ್ ಸ್ಪೇಸ್. ನಿಜದಲ್ಲಿ ಅಲ್ಲಿ ಒಂದು ಅಂಗುಲವೂ ಖಾಲಿ ಇಲ್ಲ. ಸಂಜೆ ಕ್ರಿಕೆಟ್, ಭಾದ್ರಪದದಲ್ಲಿ ಗಣಪತಿ ಪೆಂಡಾಲು, ಮುಹೂರ್ತವಿದ್ದಾಗ ಮದುವೆ, ಉಳಿದ ದಿನ ಕಾರುಗಳು. ಆದರೂ ಮಣ್ಣಿನ ಪರೀಕ್ಷೆ ಆಗಲಿ ಎಂದು ನಿವೃತ್ತ ಇಂಜಿನಿಯರ್ ಕಾಕಾ ಒಂದು ಅಡಿ ಗುಂಡಿ ತೋಡಿಸಿದರು. ನೀರು ಸುರಿದು ಎಷ್ಟು ಬೇಗ ಇಂಗುತ್ತದೆ ನೋಡುವುದು. ಬೇಸಿಗೆ. ನೆಲ ಬಿರಿದು ಬಾಯಿ ಬಿಟ್ಟಿತ್ತು, ಬಿರುಕಿಗೆ ನನ್ನ ಹವಾಯಿ ಚಪ್ಪಲಿಯ ಮೂತಿ ಹೊಕ್ಕಿತು. ಬಕೆಟ್ ನೀರು ಸುರಿದದ್ದೇ ತಡ, ಗಟಗಟ ಮಾಯ. "ಅದ್ಭುತ! ಇಲ್ಲಿ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ" ಎಂದರು ಕಾಕಾ. ನಾನು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ.

"ಇನ್ನೊಂದು ಬಕೇಟ್ ಹಾಕ್ರಿ" ಅಂದಳು ಹೆಂಡತಿ ದೂರದಿಂದ.

ಹಾಕಿದೆವು. ಅದೂ ಹೋಯಿತು, ಆದರೆ ನಿಧಾನಕ್ಕೆ. ಮತ್ತೊಂದು ಹಾಕಿದೆವು. ಅಷ್ಟರಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬಿ ಬಿರುಕೆಲ್ಲ ಮುಚ್ಚಿಕೊಂಡಿತ್ತು. ಆ ನೀರು ನಿಂತಿತು. ಮರುದಿನವೂ ನಿಂತಿತ್ತು. ಬೀದಿನಾಯಿಗಳು ಬಂದು ಕುಡಿದು ಹೋದವು. ಇಂಥ ನೆಲದಲ್ಲಿ ಬೇರಿಗೆ ಬೇಸಿಗೆಯಲ್ಲಿ ಬಾಯಾರಿಕೆ, ಮಳೆಗಾಲದಲ್ಲಿ ಉಸಿರುಕಟ್ಟು. ವಿದರ್ಭದ ಕಿತ್ತಳೆ ಬೆಳೆಗಾರರು ಕಪ್ಪು ಮಣ್ಣಿನಲ್ಲೂ ನೀರು ಬಸಿಯುವ ಹೊಲವನ್ನೇ ಹುಡುಕುವುದು ಇದಕ್ಕೇ.

ನಾನು ಸೋಲೊಪ್ಪಲಿಲ್ಲ. ದೇಶದ ಮಣ್ಣನ್ನೆಲ್ಲ ಸಮೀಕ್ಷೆ ಮಾಡಿ ನಕ್ಷೆ ಬರೆಯುವ ರಾಷ್ಟ್ರೀಯ ಬ್ಯೂರೋದ ಮುಖ್ಯ ಕಚೇರಿ ನಮ್ಮ ನಾಗಪುರದಲ್ಲೇ ಇದೆ. ಅಂಥ ಊರಿನಲ್ಲಿ ಇದ್ದುಕೊಂಡು ಬಕೆಟ್ ನಂಬುವುದೇ? ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಕುಲುಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಮರಳು ನಿಮಿಷದಲ್ಲಿ ತಳ ಸೇರುತ್ತದೆ, ಹೂಳು ಒಂದೆರಡು ಗಂಟೆಯಲ್ಲಿ. ಜೇಡಿ ಮಾತ್ರ ತನ್ನ ಮನಸ್ಸು ಬಂದಾಗ. ನಮ್ಮ ಬಾಟಲಿ ದಿನಗಟ್ಟಲೆ ಕದಡಿಕೊಂಡೇ ಇತ್ತು.

ಆ ಹೊತ್ತಿಗೆ ಗದಗದಿಂದ ಮಾವನವರು ಬಂದರು. ಚಹಾ ಕುಡಿಯುತ್ತ ಬಾಟಲಿಯನ್ನೇ ದಿಟ್ಟಿಸಿದರು. ಅವರ ಕಣ್ಣು ತೇವವಾಯಿತು. "ಅಳಿಯಾರ, ನಮ್ಮ ಹೊಲದ ಮಣ್ಣು ಬಾಟ್ಲಿಯಾಗ ತುಂಬಿ ಇಟ್ಕೊಂಡೀರೇನ್ರಿ!" ಅಂದರು. ಇಷ್ಟು ವರ್ಷದ ಅಳಿಯತನದಲ್ಲಿ ಅವರು ನನ್ನನ್ನು ಹಾಗೆ ಪ್ರೀತಿಯಿಂದ ನೋಡಿದ್ದೇ ಇಲ್ಲ. ನಾನು ಅಲ್ಲ ಎನ್ನಲು ಹೋಗಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಅವಳೂ ಸುಮ್ಮನಿದ್ದಳು. ಆ ಮೌನದ ಬೆಲೆಯನ್ನು ನಾನು ಈಗಲೂ ಕಂತಿನಲ್ಲಿ ತೀರಿಸುತ್ತಿದ್ದೇನೆ.

ಮಾವನವರು ಬಯಲಿಗೆ ಬಂದು ಹಸಿಮಣ್ಣನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಒತ್ತಿ ಪಟ್ಟಿ ತೆಗೆದರು. ಮುರಿಯದೆ ಎರಡು ಅಂಗುಲ ದಾಟಿ ಜೋತಾಡಿತು. "ಪಕ್ಕಾ ಎರಿ. ಏರಿ ಹಾಕಿ ಹಚ್ಚ್ರಿ, ನೀರು ನಿಂದ್ರಬಾರದು" ಎಂದು ಕೈ ತೊಳೆದುಕೊಂಡರು. ಬಾಟಲಿ ಇನ್ನೂ ಕದಡಿಕೊಂಡೇ ಇತ್ತು.

ನೆಲದ ವಿಚಾರ ತೀರಿತು, ನೀರು ಮತ್ತು ಬಿಸಿಲಿನದು ಉಳಿಯಿತು. ಈ ಊರಲ್ಲಿ 2013ರ ಮೇ 23ರಂದು 47.9 ಡಿಗ್ರಿ ದಾಖಲಾಗಿದೆ. 2024ರ ಮೇ ಕೊನೆಯಲ್ಲಿ ಇಲ್ಲಿನ ಒಂದು ಸ್ವಯಂಚಾಲಿತ ಯಂತ್ರ 56 ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತು. ಯಂತ್ರದ ಸೆನ್ಸರ್ ಕೆಟ್ಟಿತ್ತು ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ನಮಗ್ಯಾರಿಗೂ ಅನುಮಾನವೇ ಬಂದಿರಲಿಲ್ಲ ಎಂಬುದನ್ನು ಗಮನಿಸಿ. ನೂರು ಚದರ ಮೀಟರ್ ತಾರಸಿಯ ಮೇಲೆ ಸಾವಿರ ಮಿಲಿಮೀಟರ್ ಮಳೆ ಬಿದ್ದರೆ ಲಕ್ಷ ಲೀಟರ್ ನೀರು ಎಂದು ನಾನು ಲೆಕ್ಕ ಕೊಟ್ಟೆ. "ಅದು ಬೀಳೂದು ಶ್ರಾವಣದಾಗ. ಗಿಡ ಸಾಯೂದು ವೈಶಾಖದಾಗ" ಅಂದಳು. ಮನೆಮನೆಯ ಆರ್‌ಒ ಯಂತ್ರದ ತ್ಯಾಜ್ಯ ನೀರು ಬಳಸೋಣ ಎಂದೆ. "ಉಪ್ಪಿನ ನೀರು ಎರಿಗೆ ಹಾಕಿದ್ರ ಸವಳಾಗತೈತಿ. ಅಪ್ಪ ಇನ್ನೂ ಇಲ್ಲೇ ಅದಾರ, ಕೇಳ್ರಿ ಬೇಕಾದ್ರ."

ಕಮಿಟಿಯವರೆಲ್ಲ ಗಿಡದ ಪರವೇ. ತಮ್ಮ ಕಾಂಪೌಂಡಿನ ಪಕ್ಕದಲ್ಲಿ ಮಾತ್ರ ಬೇಡ. ಅರಳಿಯ ಬೇರು ಗೋಡೆ ಒಡೆಯುತ್ತದೆ, ಬೇವಿನ ಹಣ್ಣು ಕಾರಿನ ಮೇಲೆ ಬೀಳುತ್ತದೆ, ಹಿಪ್ಪೆಯ ಹೂವಿಗೆ ಬಾವಲಿ ಬರುತ್ತದೆ. ಪ್ರತಿ ಸಭೆಯೂ "ಪಾಹೂ" ಎಂದು ಮುಗಿಯುತ್ತಿತ್ತು. ಪಾಹೂ ಅಂದರೆ ನೋಡೋಣ.

ಒಂದು ಮಧ್ಯಾಹ್ನ ನಾನು ಕೂಲರಿನ ಎದುರು ಮಲಗಿದ್ದೆ. ಹೆಂಡತಿ ಕೊಡೆ ಹಿಡಿದು ಹೊರಟಳು, ಕೆನ್ನೆ ಕೆಂಪಾಗಿಸಿಕೊಂಡು ಮರಳಿದಳು. ಹನುಮಾನ ಮಂದಿರದ ಹಿಂಭಾಗಕ್ಕೆ ಮೂರು ಗಂಟೆಯ ಮೇಲೆ ಪಕ್ಕದ ಕಟ್ಟಡದ ನೆರಳು ಬೀಳುತ್ತದೆ. ಪಡುವಣ ಬಿಸಿಲು ತಾಗುವುದಿಲ್ಲ. ಹಳೇ ಬಾವಿ ಇದೆ, ಮೇ ತಿಂಗಳಲ್ಲೂ ಕೊಡ ಮುಳುಗುತ್ತದೆ. ಶನಿವಾರ ಊರೆಲ್ಲ ಬರುತ್ತದೆ, ತಲೆಗೊಂದು ತಂಬಿಗೆ ಹೊಯ್ದರೂ ಸಾಕು. ದೇವಸ್ಥಾನದ ಹಿಂದೆ ಯಾರೂ ಕಾರು ನಿಲ್ಲಿಸುವುದಿಲ್ಲ. ಇಷ್ಟೂ ಅವಳಿಗೆ ಮೊದಲಿನಿಂದ ಗೊತ್ತಿತ್ತು. "ನೀವು ಕೇಳ್ಲಿಲ್ಲ" ಅಂದಳು.

ಕಮಿಟಿ ಜಾಗವನ್ನು ಸರ್ವಾನುಮತದಿಂದ ಒಪ್ಪಿತು, ದೂರದೃಷ್ಟಿಗಾಗಿ ನನ್ನನ್ನು ಅಭಿನಂದಿಸಿತು. ಅಭಿನಂದನೆಯನ್ನು ನಾನೇ ನಡಾವಳಿಯಲ್ಲಿ ಬರೆದೆ. ಏರಿ ಹಾಕಿ ಮುತ್ತುಗ, ಹಿಪ್ಪೆ, ಬಿಲ್ವ, ನೆಲ್ಲಿ, ಹೊಳೆಮತ್ತಿ, ಒಂದು ತೇಗ ನೆಟ್ಟಿದ್ದೇವೆ. ಎಲ್ಲ ಈ ಸೀಮೆಯ ಮರಗಳೇ. ದಾಖಲೆ ಪುಸ್ತಕ ಹೆಂಡತಿಯ ಕೈಯಲ್ಲಿದೆ. ಹಾಲಿನ ಲೆಕ್ಕ ಬರೆಯುತ್ತಿದ್ದ ಹಳೇ ನೋಟ್‌ಬುಕ್ಕು: ಗಿಡ, ಊರು, ತಂದವರು, ಷರಾ. ನಾನು ಹಟ ಹಿಡಿದು ನೆಟ್ಟದ್ದೂ ಅದರಲ್ಲಿದೆ. "ಅಡಿಕೆ. ಶಿರಸಿ. ಮನೆಯವರು. ಷರಾ: ಮೇ."

ಊರಿನಿಂದ ಬರುವ ನೆಂಟರಲ್ಲಿ ಒಂದು ವಿನಂತಿ. ಅಡಿಕೆ ಸಸಿ ತರಬೇಡಿ, ಅಡಿಕೆಯನ್ನೇ ತನ್ನಿ. ರಾಮಟೇಕಿನ ಎಲೆ ಇಲ್ಲೇ ಸಿಗುತ್ತದೆ.