ಪಾಯಸವೂ ಗೋಡಂಬಿಯೂ

ರಾಜಾಜಿನಗರದ ದೇವಾಲಯದ ಜಗಲಿಯ ಮೇಲೆ, ದೊನ್ನೆಯ ಪಾಯಸವನ್ನು ಬೆರಳಿನಿಂದ ಶೋಧಿಸಿಯೂ ಗೋಡಂಬಿಯ ಚೂರೊಂದನ್ನೂ ಕಾಣದೆ ಖಿನ್ನರಾಗಿದ್ದ ಶಾಸ್ತ್ರಿಗಳು, ನಿವೃತ್ತ ಶಿರಸ್ತೇದಾರರಾದ ರಾಯರನ್ನು ಕೇಳಿದರು: “ನೈವೇದ್ಯವು ಧರ್ಮವೇ ಅಲ್ಲವೇ ಎಂದು ನಿರ್ಣಯಿಸತಕ್ಕವರಾರು?”

“1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮತವೊಂದಕ್ಕೆ ಅವಶ್ಯವಾದುದನ್ನು ಪ್ರಧಾನವಾಗಿ ಆ ಮತದ ತತ್ತ್ವಗಳಿಂದಲೇ ಅರಿಯತಕ್ಕದ್ದೆಂದಿತು. ವೇಳೆಗೆ ಸರಿಯಾಗಿ ನೈವೇದ್ಯವಿಡುವುದೂ ಧರ್ಮವೇ.”

“ಸದ್ಯ, ದೇವರಿಗೆ ಉಪವಾಸ ತಪ್ಪಿತು! ತತ್ತ್ವಗಳನ್ನು ಅರಿಯುವವರು?”

“ನ್ಯಾಯಮೂರ್ತಿಗಳು. ಆ ಪೀಠದಲ್ಲಿ ಏಳು ಮಂದಿ.”

“ಆಚಾರ್ಯತ್ರಯರ ಭಾಷ್ಯಗಳ ಜಗಳವೇ ಇನ್ನೂ ಇತ್ಯರ್ಥವಾಗದಿರಲು, ಮತ್ತೆ ಏಳು ಭಾಷ್ಯಕಾರರೇ!”

“ಆದರೆ ಶಾಸ್ತ್ರಿಗಳೇ, ನೈವೇದ್ಯಕ್ಕಾಗುವ ವೆಚ್ಚದ ಪ್ರಮಾಣವು ಆಸ್ತಿಯ ಆಡಳಿತಕ್ಕೆ ಸೇರಿದ್ದು, ಕಾನೂನು ಅದನ್ನು ಹತೋಟಿಯಲ್ಲಿಡಬಹುದು.”

“ಅಂದಮೇಲೆ ಪಾಯಸ ಧರ್ಮ, ಗೋಡಂಬಿ ಲೌಕಿಕ!”

“ದ್ರಾಕ್ಷಿಯ ವಿಷಯದಲ್ಲಿ ಮಾತ್ರ ವಕೀಲರನ್ನು ಕೇಳಬೇಕು.”