ಸಣ್ಣ ಹೊಟ್ಟೆಗೆ ದೊಡ್ಡ ಅಮಾವಾಸ್ಯೆ

ತೂಕ ಇಳಿಸಲು ಹೊಟ್ಟೆ ಕೊಯ್ಯಿಸಿಕೊಂಡವನು ಎಂ.ಕೆ. ಹುಬ್ಬಳ್ಳಿಯಂಥ ಊರಲ್ಲಿ ಇರಬಾರದು. ಇದು ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. ಹೊಲದಲ್ಲಿ ಕಬ್ಬು, ಡಬ್ಬಿಯಲ್ಲಿ ಬೆಲ್ಲ, ಎಲ್ಲರ ಬಾಯಲ್ಲೂ ‘ಇನ್ನೊಂದ ತಗೋರಿ’. ಮೇಲಾಗಿ ನಮ್ಮ ಕಡೆ ‘ಭಾಳ ಸೊರಗೀರಲ್ಲ’ ಎಂಬುದು ಹೊಗಳಿಕೆಯಲ್ಲ, ಸಂತಾಪ.

ನನಗಾದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಶೇಕಡಾ 75ರಿಂದ 80ರಷ್ಟನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಹಾಗೆ ತೆಗೆದ ಭಾಗದಲ್ಲೇ ಅಂತೆ. ಹೀಗಾಗಿ ನನ್ನ ಹಸಿವು ಆಸ್ಪತ್ರೆಯಲ್ಲೇ ಉಳಿಯಿತು. ಆಸೆ ಮಾತ್ರ ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬಂತು.

ದೊಡ್ಡವ್ವನಿಗೆ ಇದನ್ನೆಲ್ಲ ತಿಳಿಸಿ ಹೇಳುವುದು ನನ್ನಿಂದ ಆಗಿಲ್ಲ. ಆಕೆಯ ಲೆಕ್ಕದಲ್ಲಿ ಆಪರೇಶನ್ ಎಂದರೆ ಆಪರೇಶನ್. ಅಪೆಂಡಿಕ್ಸ್ ಇರಲಿ, ಹರ್ನಿಯಾ ಇರಲಿ, ಆದಮೇಲೆ ಉಂಡು ಗಟ್ಟಿಯಾಗಬೇಕು. ನಾನು ಒಂದೊಂದು ಕಿಲೋ ಇಳಿದಂತೆಲ್ಲ ಆಕೆ ತುಪ್ಪದ ಮಿಳ್ಳಿ ಹಿಡಿದು ಒಂದೊಂದು ಹೆಜ್ಜೆ ಹತ್ತಿರ ಬರುತ್ತಾಳೆ. ಡಾಕ್ಟರು ಉಣ್ಣುವವನ ಹೊಟ್ಟೆಗೆ ಕತ್ತರಿ ಹಾಕಿದರು, ಸರಿ. ಬಡಿಸುವವರ ಕೈಗೆ ಏನು ಮಾಡುವುದು?

ಎಳ್ಳ ಅಮಾವಾಸ್ಯೆ ಬಂತು. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಯ, ಮಡಿಕಿಕಾಳು, ಜುಣಕದ ವಡಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಕರಿಗಡಬು, ಮೊಸರ ಬುತ್ತಿ. ಮೊದಲಾಗಿದ್ದರೆ ಈ ಪಟ್ಟಿ ನನ್ನೊಬ್ಬನದೇ ಊಟ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಚೂರು ಚೂರು ಕೂಡಿಸಿ ಹೊಲದ ಸುತ್ತ ಚೆಲ್ಲಿದೆವು. ಆಮೇಲೆ ನನ್ನ ತಾಟು ನೋಡಿದರೆ, ಭೂಮಿತಾಯಿಗೆ ಬಿದ್ದಷ್ಟೂ ನನಗೆ ಬಿದ್ದಿರಲಿಲ್ಲ. ಬಡಿಸಿದವಳು ನನ್ನ ಹೆಂಡತಿ.

ನಿಯಮಗಳು ಆಕೆಗೆ ಬಾಯಿಪಾಠ. ಮೊದಲು ಕಾಳು, ಮೊಸರು, ಪ್ರೋಟೀನು ಇದ್ದದ್ದು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ಊಟದ ನಡುವೆ ನೀರಿಲ್ಲ, ಮುಗಿದು ಅರ್ಧ ತಾಸಾದ ಮೇಲೆ. ಸಿಹಿ ಹೆಚ್ಚಾದರೆ ಅದು ಸೀದಾ ಸಣ್ಣ ಕರುಳಿಗೆ ಧುಮುಕಿ, ಅಲ್ಲಿ ನೀರೆಳೆದುಕೊಂಡು, ಎದೆ ಡವಡವ, ಮೈಯೆಲ್ಲ ಬೆವರು. ಡಂಪಿಂಗ್ ಅನ್ನುತ್ತಾರೆ. ಜಠರದ ಬೈಪಾಸ್ ಮಾಡಿಸಿಕೊಂಡವರಿಗೆ ಇದರ ಕಾಟ ಜಾಸ್ತಿ, ಸ್ಲೀವಿನವರಿಗೂ ಬರಬಹುದು. ಸಕ್ಕರೆ ಕಾರ್ಖಾನೆಯ ಊರಿನವನಿಗೆ ಸಕ್ಕರೆಯೇ ಬಾಗಿಲು ಹಾಕಿಕೊಂಡರೆ ಯಾರ ಹತ್ತಿರ ಹೇಳಿಕೊಳ್ಳಲಿ!

ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯಬೇಕು ಎಂಬುದು ಇನ್ನೊಂದು ನಿಯಮ. ಬಂಡಿಗೆ ಕಟ್ಟಿದ್ದ ಎತ್ತು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ಇಬ್ಬರದೂ ಒಂದೇ ಲಯ. ಅದಕ್ಕೆ ನಾಲ್ಕು ಕೋಣೆಯ ಹೊಟ್ಟೆ, ನನಗೆ ಕಾಲು.

ಆದರೂ ಒಂದು ಮಾತು ಹೇಳಲೇಬೇಕು. ಸಜ್ಜಿ ರೊಟ್ಟಿ ತಟ್ಟುವಾಗ ಮೇಲೆ ಎಳ್ಳು ಹಚ್ಚುತ್ತಾರಲ್ಲ, ಆ ಎಳ್ಳು ಒಂದೊಂದಾಗಿ ಹಲ್ಲಿಗೆ ಸಿಕ್ಕು ಚಟ್ ಎನ್ನುತ್ತದೆ, ಹಿಂದೆಯೇ ಸಣ್ಣಗೆ ಕಹಿ, ಆಮೇಲೆ ಎಣ್ಣೆಯ ಸವಿ. ಇಷ್ಟು ವರ್ಷ ನನಗಿದು ಗೊತ್ತೇ ಇರಲಿಲ್ಲ. ಬಾಯಲ್ಲಿ ಒಂದು ರೊಟ್ಟಿ ಇದ್ದಾಗ ಕಣ್ಣು ಬುಟ್ಟಿಯೊಳಗಿನ ಮುಂದಿನ ರೊಟ್ಟಿಯ ಮೇಲೆ ಇರುತ್ತಿತ್ತು. ಎಳ್ಳ ಹೋಳಿಗಿಯ ಕಾಲು ತುಂಡನ್ನು ಮೂಲೆಯಿಂದ ಚಿವುಟಿ ಚಿವುಟಿ ತಿಂದೆ. ಎದೆ ಡವಡವ ಅನ್ನಲಿಲ್ಲ. ಇನ್ನೊಂದು ಕಾಲು ತುಂಡಿನ ಕಡೆ ಕೈ ಚಾಚಿದೆ ನೋಡಿ, ಹೆಂಡತಿ ಕೆಮ್ಮಿದಳು. ಆಗ ಅಂತೂ ಡವಡವ ಅಂದಿತು.

ಉಳಿದವರೆಲ್ಲ ಉಂಡು, ಕೈ ತೊಳೆದು, ಗಿಡದ ನೆರಳಿಗೆ ಉರುಳಿದರು. ಅಕ್ಕನ ಮಗ ಕೂಗಿದ: “ಮಾಮಾ, ನೀವು ಮುಗಸೂದ್ರಾಗ ಸಂಕ್ರಮಣ ಬರ್ತೈತಿ!”

ಬರಲಿ. ಅವತ್ತು ಗಂಗಾಂಬಿಕೆಯ ಐಕ್ಯ ಮಂಟಪದ ಹತ್ತಿರ ಹೊಳೆಯಲ್ಲಿ ಮಿಂದ ಜನ ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಗುರುತಿದ್ದವರು, ಇಲ್ಲದವರು ಎಲ್ಲರೂ ಕರೆದು ಕರೆದು ಬಡಿಸುತ್ತಾರೆ. ನಾನು ಈಗಿನಿಂದಲೇ ‘ಒಲ್ಲೆ’ ಎನ್ನುವುದನ್ನು ಕನ್ನಡಿಯ ಮುಂದೆ ರೂಢಿ ಮಾಡುತ್ತಿದ್ದೇನೆ. ಕನ್ನಡಿಯಲ್ಲಿರುವವನೂ ನಂಬುತ್ತಿಲ್ಲ.

ದೊಡ್ಡವ್ವ ನನ್ನ ತಾಟು ನೋಡಿದಳು, ನನ್ನ ಮುಖ ನೋಡಿದಳು.

“ತಮ್ಮಾ, ತಗದ ಹೊಟ್ಟಿ ಏನ ಮಾಡಿದ್ರೋ ಡಾಕ್ಟರು?”

“ಅದೇನ ವಾಪಸ್ ಬರೂದಲ್ಲ ದೊಡ್ಡವ್ವ. ಒಮ್ಮೆ ತಗದ್ರ ಮುಗೀತು.”

“ಮುಗೀತಂದ್ರ ಹೆಂಗಪಾ! ರೊಕ್ಕಾ ಕೊಟ್ಟಾಂವ ನೀ. ಹಬ್ಬದ ಮಟ್ಟಿಗರ ಹೊಲಿದ ಕೊಡ ಅನ್ನು.”